ನಗರದ ಗೃಹಕೃತ್ಯದಲ್ಲಿ ವ್ರತಪಾಲನೆ

ಗೃಹಸ್ಥಧರ್ಮವು ಮುನಿಧರ್ಮಕ್ಕೆ ಆಧಾರವಾಗಿದೆ. ಆಹಾರವಿಲ್ಲದೆ ಮುನಿಗಳ ಶರೀರಸ್ಥಿತಿಯಿಲ್ಲ. ಶ್ರಾವಕನ ಅಡಿಗೆಮನೆಯಿಲ್ಲದೆ ಆ ಆಹಾರವಿಲ್ಲ. ಆದರೆ ಪುಣ್ಯಕ್ಕೆ ನೆಲೆಯಾದ ಅದೇ ಅಡಿಗೆಮನೆಯು ಗೃಹಸ್ಥನ ದೈನಂದಿನ ಹಿಂಸೆಗೂ ನೆಲೆಯಾಗಿದೆ. ನೀರು, ಬೆಂಕಿ, ಧಾನ್ಯ, ತರಕಾರಿ, ಪೊರಕೆ ಇವುಗಳನ್ನು ಮುಟ್ಟದೆ ಸಂಸಾರವು ಒಂದು ದಿನವೂ ನಡೆಯಲಾರದು. ಆದುದರಿಂದಲೇ ಆಚಾರ್ಯರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಡಬೇಕೆಂದೂ ಮನೆಗೆಲಸದಿಂದಾಗುವ ಆರಂಭೀ ಹಿಂಸೆಯನ್ನು ಎಚ್ಚರದಿಂದ ಕಡಿಮೆ ಮಾಡುತ್ತ ಹೋಗಬೇಕೆಂದೂ ವಿಧಿಸಿದ್ದಾರೆ.

ಮನೆಗೆಲಸದಲ್ಲಿ ಜೀವಹಿಂಸೆ ನಡೆಯುವ ಐದು ಸ್ಥಾನಗಳಿಗೆ ಪಂಚಸೂನೆಗಳೆಂದು ಹೆಸರು. ಕುಟ್ಟುವ ಒರಳು, ಬೀಸುವ ಕಲ್ಲು, ಉರಿಯುವ ಒಲೆ, ನೀರಿನ ಕೊಡ, ಗುಡಿಸುವ ಪೊರಕೆ ಇವೇ ಆ ಐದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ದಾನವನ್ನು ಹೇಳುವಾಗ, ಸೂನೆಗಳನ್ನೂ ಆರಂಭವನ್ನೂ ಬಿಟ್ಟವರಾದ ಮುನಿಗಳಿಗೆ ಸಲ್ಲಿಸುವ ಸತ್ಕಾರವೇ ದಾನವೆಂದಿದ್ದಾರೆ. ಗೃಹಕೃತ್ಯದಿಂದ ಕೂಡಿಕೊಂಡ ಕರ್ಮವನ್ನು ಅಂತಹ ಅತಿಥಿಗಳ ಪೂಜೆಯು ತೊಳೆಯುತ್ತದೆಂದೂ ತಿಳಿಸಿದ್ದಾರೆ. ಅಂದರೆ ಸೂನೆಗಳನ್ನು ಬಿಟ್ಟವನು ಮುನಿ. ಸೂನೆಗಳ ನಡುವೆ ಇದ್ದು ಎಚ್ಚರದಿಂದ ನಡೆಯುವವನು ಶ್ರಾವಕ.

ಈ ವಿಧಿಗಳು ಹಿಂದೆ ಬಾವಿ, ಹಿತ್ತಲು, ಹಜಾರಗಳುಳ್ಳ ಮನೆಗಳಲ್ಲಿ ಬೆಳೆದುಬಂದವು. ಇಂದು ಹಾಸನ, ತುಮಕೂರು, ಬೆಳಗಾವಿ, ದಕ್ಷಿಣ ಕನ್ನಡ ಮೊದಲಾದ ಕಡೆಗಳ ಎಷ್ಟೋ ಜೈನ ಕುಟುಂಬಗಳು ಉದ್ಯೋಗಕ್ಕಾಗಿ ಬೆಂಗಳೂರಿನಂತಹ ಮಹಾನಗರದಲ್ಲಿ ನೆಲೆಸಿವೆ. ಬಾವಿಯ ಬದಲು ನಲ್ಲಿ, ಹಿತ್ತಲಿನ ಬದಲು ಮೂರಡಿ ಅಗಲದ ಬಾಲ್ಕನಿ, ಸೂರ್ಯನ ಬದಲು ಕಚೇರಿಯ ಗಡಿಯಾರ! ಇಲ್ಲಿ ವ್ರತವು ಹೇಗೆ ನಿಲ್ಲಬೇಕು? ಅದಕ್ಕಿಂತ ಮುಖ್ಯವಾಗಿ, ವ್ರತವನ್ನು ನಿಲ್ಲಿಸುವ ಭಾರವು ಯಾರ ಹೆಗಲ ಮೇಲೆ ಬೀಳುತ್ತಿದೆ? ಈ ಎರಡು ಪ್ರಶ್ನೆಗಳೇ ಪ್ರಸ್ತುತ ಪಾಠದ ವಿಷಯ.

ನೀರಿನ ಕೊಡ

ಬೆಂಗಳೂರಿಗೆ 19ನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದ ಕೆರೆಯಿಂದಲೂ, 1933ರಿಂದ ತಿಪ್ಪಗೊಂಡನಹಳ್ಳಿಯ ಜಲಾಶಯದಿಂದಲೂ ನೀರು ಬರುತ್ತಿತ್ತು. 1974ರಿಂದ ಕಾವೇರಿಯ ನೀರು ಬರತೊಡಗಿತು. ಐದನೆಯ ಹಂತದ ಯೋಜನೆಯು 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ ಹಂತಹಂತವಾಗಿ ಏರಿ ಬರುವ ಈ ನೀರು ಮನೆಯ ತಗ್ಗಿನ ತೊಟ್ಟಿಗೆ ಇಳಿದು, ಮೋಟಾರಿನಿಂದ ಮಹಡಿಯ ಟ್ಯಾಂಕಿಗೆ ಏರಿ, ಅನಂತರ ನಲ್ಲಿಯಲ್ಲಿ ಸುರಿಯುತ್ತದೆ.

ಜಲಗಾಲನದ ವಿಧಿಗೆ ಎರಡು ಅಂಗಗಳಿವೆ. ಮೊದಲನೆಯದು, ಮೂವತ್ತಾರು ಅಂಗುಲ ಉದ್ದ, ಇಪ್ಪತ್ತನಾಲ್ಕು ಅಂಗುಲ ಅಗಲದ ದಪ್ಪ ಬಟ್ಟೆಯನ್ನು ಎರಡು ಪದರಾಗಿ ಮಡಿಸಿ ಸೋಸುವುದು. ಎರಡನೆಯದು, ಬಟ್ಟೆಯಲ್ಲಿ ಉಳಿದ ಜೀವಿಗಳನ್ನು, ಅಂದರೆ ಜೀವಾಣಿಯನ್ನು, ಸೋಸಿದ ನೀರಿನಿಂದಲೇ ತೊಳೆದು, ನೀರು ಬಂದ ನೆಲೆಗೇ ಮೆಲ್ಲನೆ ಮರಳಿಸುವುದು. ನಗರದ ನಲ್ಲಿಯ ನೀರಿನಲ್ಲಿ ಮೊದಲನೆಯ ಅಂಗವು ಸುಲಭ. ಎರಡನೆಯದು ಯಥಾವತ್ತಾಗಿ ನೆರವೇರದು. ನೀರಿನ ನೆಲೆ ನೂರು ಕಿಲೋಮೀಟರು ದೂರವಿರುವಾಗ ಜೀವಾಣಿಯನ್ನು ಅಲ್ಲಿಗೆ ಒಯ್ಯುವುದೆಂತು? ಪಾತ್ರದಾನಕ್ಕೆಂದು ಅಡಿಗೆ ಮಾಡುವವರು ಇಂದಿಗೂ ಬಾವಿಯ ನೀರನ್ನು ಹುಡುಕಿಕೊಂಡು ಹೋಗುವುದಕ್ಕೆ ಇದೇ ಕಾರಣ. ನಲ್ಲಿಯ ನೀರನ್ನು ಬಳಸುವವನು, ವಿಧಿಯ ಒಂದು ಅಂಗವು ತನ್ನಿಂದ ಪೂರ್ಣವಾಗುತ್ತಿಲ್ಲವೆಂಬುದನ್ನು ಅರಿತು, ಉಳಿದ ಅಂಗದಲ್ಲಿ ಇನ್ನಷ್ಟು ಜಾಗರೂಕನಾಗಬೇಕು.

ಆ ಜಾಗರೂಕತೆಯಲ್ಲಿ ಸಾಮಾನ್ಯವಾಗಿ ಮೂರು ದೋಷಗಳು ಕಾಣುತ್ತವೆ. ನಲ್ಲಿಯ ಬಾಯಿಗೆ ಬಟ್ಟೆಯೊಂದನ್ನು ಕಟ್ಟಿ, ವಾರಗಟ್ಟಲೆ ಬಿಚ್ಚದೆ ಬಿಡುವುದು ಒಂದು. ಸದಾ ತೇವವಾಗಿ ಲೋಳೆಗಟ್ಟುವ ಆ ಬಟ್ಟೆಯು ಜೀವರಕ್ಷಣೆಗೆ ಬದಲಾಗಿ ಜೀವೋತ್ಪತ್ತಿಯ ನೆಲೆಯಾಗುತ್ತದೆ. ಬೆಳಿಗ್ಗೆ ಒಮ್ಮೆ ಸೋಸಿದ ನೀರನ್ನು ರಾತ್ರಿಯವರೆಗೂ ಸೋಸಿದ ನೀರೆಂದೇ ಭಾವಿಸುವುದು ಎರಡನೆಯದು. ಸೋಸಿದ ನೀರಿನ ಮರ್ಯಾದೆ ಒಂದು ಮುಹೂರ್ತ, ಎಂದರೆ 48 ನಿಮಿಷ ಮಾತ್ರ. ಲವಂಗ ಮೊದಲಾದವುಗಳಿಂದ ಪ್ರಾಸುಕ ಮಾಡಿದ ನೀರಿಗೆ ಎರಡು ಪ್ರಹರ, ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆ. ಮಧ್ಯಾಹ್ನ ಮನೆಯಲ್ಲಿ ಯಾರೂ ಇರದ ಕುಟುಂಬವು ಬೆಳಿಗ್ಗೆಯೇ ಸೋಸಿ ಕುದಿಸಿಡುವುದರಿಂದ ಈ ತೊಡಕು ಪರಿಹಾರವಾಗುತ್ತದೆ.

ಮೂರನೆಯದು ಭಾವನೆಯ ದೋಷ. ಶುದ್ಧೀಕರಣದ ಯಂತ್ರವನ್ನು ಗೋಡೆಗೆ ಕೂರಿಸಿದ ಮೇಲೆ ಬಟ್ಟೆಯೇಕೆ ಎಂದು ಕೇಳುವವರುಂಟು. ಯಂತ್ರವು ಕುಡಿಯುವವನನ್ನು ನೀರಿನಿಂದ ಕಾಯುತ್ತದೆ; ಬಟ್ಟೆಯು ನೀರಿನ ಜೀವಿಗಳನ್ನು ಕುಡಿಯುವವನಿಂದ ಕಾಯುತ್ತದೆ. ಒಂದರ ಉದ್ದೇಶ ಆರೋಗ್ಯ, ಇನ್ನೊಂದರ ಉದ್ದೇಶ ಅಹಿಂಸೆ. ಎರಡೂ ಇರಲಿ, ಆದರೆ ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು. ಅಲ್ಲದೆ ಉಪ್ಪಿನಂಶವನ್ನು ತೆಗೆಯುವ ಅನೇಕ ಯಂತ್ರಗಳು ಒಂದು ಬಿಂದಿಗೆ ನೀರನ್ನು ಕೊಡಲು ಅದಕ್ಕಿಂತ ಹೆಚ್ಚು ನೀರನ್ನು ಹೊರಗೆ ಚೆಲ್ಲುತ್ತವೆ. ಆ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸುವುದಕ್ಕೂ ಬಚ್ಚಲು ತೊಳೆಯುವುದಕ್ಕೂ ಬಳಸುವುದು ಶ್ರಾವಕನ ಕರ್ತವ್ಯ. ನಿಷ್ಪ್ರಯೋಜನವಾಗಿ ನೀರನ್ನು ಚೆಲ್ಲುವುದು ಅನರ್ಥದಂಡದಲ್ಲಿ ಪ್ರಮಾದಚರ್ಯೆಯೆಂದು ಎಣಿಸಲ್ಪಟ್ಟಿದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿನ ಅಭಾವ ಬಂದಾಗ, ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ 5,000 ರೂಪಾಯಿ ದಂಡವೆಂದು ಜಲಮಂಡಳಿಯು ಸಾರಬೇಕಾಯಿತು. ಇತರರು ದಂಡಕ್ಕೆ ಅಂಜಿ ಬಿಡುವುದನ್ನು ಶ್ರಾವಕನು ಮೊದಲೇ ವ್ರತದಿಂದ ಬಿಟ್ಟಿರಬೇಕಷ್ಟೆ.

ಒರಳು ಮತ್ತು ಬೀಸುವ ಕಲ್ಲು

ಒರಳು, ಒನಕೆ, ಬೀಸುವ ಕಲ್ಲುಗಳ ಸ್ಥಾನಕ್ಕೆ ಮಿಕ್ಸಿ, ಗ್ರೈಂಡರು, ಬೀದಿಯ ಹಿಟ್ಟಿನ ಗಿರಣಿ, ಅಂಗಡಿಯ ಪೊಟ್ಟಣಗಳು ಬಂದಿವೆ. ಶ್ರಮ ಕಡಿಮೆಯಾಯಿತು, ಆದರೆ ಧಾನ್ಯವು ಕಣ್ಣಿಗೆ ಬೀಳುವ ಅವಕಾಶವೂ ಕಡಿಮೆಯಾಯಿತು. ಹಿಂದೆ ಮೊರದಲ್ಲಿ ಕೇರಿ, ಆರಿಸಿ, ಕಲ್ಲನ್ನು ಒರೆಸಿ ಬೀಸುವಾಗ ಪ್ರತಿಯೊಂದು ಹಿಡಿ ಧಾನ್ಯವೂ ಕಣ್ಣ ಮುಂದೆ ಹಾದುಹೋಗುತ್ತಿತ್ತು. ಪೊಟ್ಟಣದ ಹಿಟ್ಟಿನಲ್ಲಿ ಧಾನ್ಯ ಎಂತಹದಿತ್ತೆಂಬುದು ಕೊಳ್ಳುವವನಿಗೆ ಕಾಣುವುದಿಲ್ಲ.

ಹಿಟ್ಟಿನ ಮರ್ಯಾದೆಯು ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ. ಬೀಸಿದ ಸ್ಥಳದಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ಪೊಟ್ಟಣದ ಹಿಟ್ಟು ಈ ಅವಧಿಯನ್ನು ದಾಟಿಯೇ ಇರುತ್ತದೆ. ಶೋಧದ ಅಡಿಗೆ ಮಾಡುವವರು ಮನೆಯ ಪುಟ್ಟ ಗಿರಣಿಯಲ್ಲಿಯೋ ಮಿಕ್ಸಿಯಲ್ಲಿಯೋ ಎರಡು ಮೂರು ದಿನಗಳಿಗೆ ಸಾಕಾಗುವಷ್ಟನ್ನು ಮಾತ್ರ ಬೀಸಿಕೊಳ್ಳುವುದು ಲೇಸು. ಬೀಸುವ ಮೊದಲು ಯಂತ್ರದ ಸಂದುಗಳನ್ನು ಮೃದುವಾದ ಕುಂಚದಿಂದ ಒರೆಸಬೇಕು. ಹಿಂದಿನ ಹಿಟ್ಟಿನ ಅವಶೇಷದಲ್ಲಿಯೇ ಹುಳು ಹುಟ್ಟುವುದು.

ತಂಪುಪೆಟ್ಟಿಗೆಯು ಪದಾರ್ಥವು ಹಳಸುವುದನ್ನು ತಡೆಹಿಡಿಯಬಹುದು. ಆದರೆ ಮರ್ಯಾದೆಯ ಅವಧಿಯನ್ನು ಹೆಚ್ಚಿಸಲಾರದು. ಬೀದಿಬೀದಿಯ ಅಂಗಡಿಗಳಲ್ಲಿ ಸಿಗುವ ಇಡ್ಲಿ-ದೋಸೆಯ ಸಿದ್ಧ ಹಿಟ್ಟು ನಗರದ ಬೆಳಗನ್ನು ಸುಲಭಗೊಳಿಸಿದೆಯೆಂಬುದು ನಿಜ. ಆದರೆ ರಾತ್ರಿಯಿಡೀ ಹುಳಿಬಂದ ಹಿಟ್ಟು ಶೋಧದ ಅಡಿಗೆಗೆ ಸಲ್ಲದು. ಅವಸರದ ಬೆಳಗಿಗೆ ಅಕ್ಕಿರೊಟ್ಟಿ, ಉಪ್ಪಿಟ್ಟು, ಅಂದೇ ನೆನೆಸಿ ರುಬ್ಬಿದ ನೀರುದೋಸೆ ಇವು ಸಾಲವೆ?

ಸಿದ್ಧ ಪದಾರ್ಥಗಳ ಮೇಲಿನ ಹಸಿರು ಚುಕ್ಕೆಯ ವಿಷಯದಲ್ಲಿಯೂ ತಿಳಿವಳಿಕೆ ಅಗತ್ಯ. ನಮ್ಮ ದೇಶದಲ್ಲಿ ಕಡ್ಡಾಯವಾದ ಈ ಗುರುತು, ಪದಾರ್ಥದಲ್ಲಿ ಮಾಂಸ, ಮೀನು, ಮೊಟ್ಟೆಗಳಿಲ್ಲವೆಂದು ಮಾತ್ರ ಹೇಳುತ್ತದೆ. ಜೇನುತುಪ್ಪವನ್ನು ಆ ನಿಯಮವು ಮಾಂಸಾಹಾರದಲ್ಲಿ ಸೇರಿಸಿಲ್ಲ. ಕಂದಮೂಲಗಳ ಮಾತಂತೂ ಅಲ್ಲಿಲ್ಲವೇ ಇಲ್ಲ. ಮದ್ಯ, ಮಾಂಸ, ಮಧುಗಳ ತ್ಯಾಗವು ಅಷ್ಟಮೂಲಗುಣಗಳಲ್ಲಿ ಸೇರಿರುವುದರಿಂದ, ಚುಕ್ಕೆಯನ್ನು ಮಾತ್ರ ನೋಡದೆ ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನೂ ಓದುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಬೇಕು.

ಒಲೆ ಮತ್ತು ಹೊತ್ತು

ಗ್ಯಾಸಿನ ಒಲೆಗೆ ಸೌದೆಯ ಒಲೆಯಷ್ಟು ದೋಷಗಳಿಲ್ಲ. ಸೌದೆಯ ಸಂದಿನಲ್ಲಿರುವ ಇರುವೆ, ಗೆದ್ದಲುಗಳ ಭಯವಿಲ್ಲ. ಹೊತ್ತಿಸುವ ಮೊದಲು ಬರ್ನರನ್ನು ಒಮ್ಮೆ ನೋಡಿ ಒರೆಸಿದರೆ ಸಾಕು. ನಗರದಲ್ಲಿ ಒಲೆಯ ನಿಜವಾದ ತೊಡಕಿರುವುದು ಬೆಂಕಿಯಲ್ಲಲ್ಲ, ಹೊತ್ತಿನಲ್ಲಿ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾವ್ರತದ ಐದು ಭಾವನೆಗಳಲ್ಲಿ ಆಲೋಕಿತ-ಪಾನ-ಭೋಜನವೂ ಒಂದು. ಅನ್ನಪಾನಗಳನ್ನು ಬೆಳಕಿನಲ್ಲಿ ನೋಡಿ ಸೇವಿಸುವುದೆಂದು ಅದರ ಅರ್ಥ. ವಿದ್ಯುದ್ದೀಪವು ಹಗಲನ್ನು ಮಾಡಿಕೊಟ್ಟಿರುವಾಗ ರಾತ್ರಿಭೋಜನದಲ್ಲಿ ದೋಷವೇನು ಎಂದು ಯುವಕರು ಕೇಳುವುದುಂಟು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ಪ್ರಶ್ನೆಗೆ ಸಾವಿರ ವರ್ಷಗಳಷ್ಟು ಹಿಂದೆಯೇ ಉತ್ತರವಿತ್ತಿದ್ದಾರೆ. ದೀಪ ಉರಿಯುತ್ತಿದ್ದರೂ ಸೂರ್ಯನ ಬೆಳಕಿಲ್ಲದಲ್ಲಿ ಆಹಾರವನ್ನು ಸೇರುವ ಸೂಕ್ಷ್ಮಜೀವಿಗಳ ಹಿಂಸೆಯನ್ನು ತಪ್ಪಿಸುವುದು ಅಶಕ್ಯ. ಅಲ್ಲದೆ ಹಗಲಿನ ಊಟಕ್ಕಿಂತ ರಾತ್ರಿಯ ಊಟದಲ್ಲಿ ರಾಗಭಾವವು ಅಧಿಕ, ಎಂಬುದು ಅವರ ಅಭಿಪ್ರಾಯದ ಸಾರ. ಮಳೆಗಾಲದ ಸಂಜೆ ದೀಪದ ಸುತ್ತ ಮುತ್ತುವ ಹುಳುಗಳನ್ನು ಕಂಡವರಿಗೆ ಮೊದಲನೆಯ ಮಾತು ತಿಳಿಯುತ್ತದೆ. ರಾತ್ರಿ ಹತ್ತರ ಮೇಲೆ ಹೋಟೆಲಿನಿಂದ ತಿಂಡಿ ತರಿಸುವ ಮನೆಗಳನ್ನು ಕಂಡವರಿಗೆ ಎರಡನೆಯದು ತಿಳಿಯುತ್ತದೆ.

ಹಾಗಾದರೆ ಬೆಂಗಳೂರಿನ ಹೊತ್ತನ್ನು ಲೆಕ್ಕ ಹಾಕಿ ನೋಡಬೇಕು. ಇಲ್ಲಿ ನವೆಂಬರಿನ ಉತ್ತರಾರ್ಧದಲ್ಲಿ ಸೂರ್ಯಾಸ್ತವು ಸಂಜೆ ಸುಮಾರು 5 ಗಂಟೆ 50 ನಿಮಿಷಕ್ಕೆ. ಜುಲೈ ಮೊದಲ ಭಾಗದಲ್ಲಿ ಸುಮಾರು 6 ಗಂಟೆ 50 ನಿಮಿಷಕ್ಕೆ. ಸೂರ್ಯಾಸ್ತಕ್ಕೆ ಎರಡು ಗಳಿಗೆ ಮೊದಲೇ ಊಟ ಮುಗಿಯಬೇಕೆಂಬುದು ಉತ್ತಮ ಕ್ರಮ. ಆ ಪ್ರಕಾರ ನವೆಂಬರಿನಲ್ಲಿ 5 ಗಂಟೆಗೂ ಜುಲೈಯಲ್ಲಿ 6 ಗಂಟೆಗೂ ಊಟ ಮುಗಿದಿರಬೇಕು. ಬೆಳಗಿನ ಮಾತೂ ಹೀಗೆಯೇ. ಜನವರಿಯ ಕೊನೆಯಲ್ಲಿ ಸೂರ್ಯೋದಯವೇ ಸುಮಾರು 6 ಗಂಟೆ 45 ನಿಮಿಷಕ್ಕೆ. ರಾತ್ರಿ ಬೇಯಿಸಿ ಹಗಲಿನಲ್ಲಿ ಉಂಡರೂ ದೋಷವೆಂದು ತಿಳಿಯುವ ಮನೆಯಲ್ಲಿ, ಶಾಲೆಯ ವಾಹನ ಬರುವ ಮೊದಲು ಒಲೆಗೆ ಸಿಗುವ ಸಮಯವು ಮುಕ್ಕಾಲು ಗಂಟೆಯಷ್ಟೆ. ಕಚೇರಿಯಿಂದ ಏಳು ಗಂಟೆಗೆ ಮನೆ ಸೇರುವವರಿಗೆ ಸಂಜೆಯ ಊಟದ ಹೊತ್ತಂತೂ ದಾರಿಯಲ್ಲಿಯೇ ಕಳೆದುಹೋಗಿರುತ್ತದೆ.

ಪೊರಕೆ

ಐದನೆಯ ಸೂನೆಯಾದ ಪೊರಕೆಯ ಜೊತೆಗೆ ನಗರದಲ್ಲಿ ಜಿರಳೆಯ ಔಷಧಿ, ಸೊಳ್ಳೆಯ ಬತ್ತಿ ಇವೂ ಸೇರಿಕೊಂಡಿವೆ. ಗುಡಿಸುವಾಗ ತಿಳಿಯದೆ ಆಗುವುದು ಆರಂಭೀ ಹಿಂಸೆ. ಕೊಲ್ಲಬೇಕೆಂದೇ ಔಷಧಿ ಸಿಂಪಡಿಸುವುದು ಸಂಕಲ್ಪೀ ಹಿಂಸೆಯಾಗುತ್ತದೆ. ಇವೆರಡರ ಅಂತರವನ್ನು ಗೃಹಿಣಿಯರು ಮರೆಯಬಾರದು.

ಹುಟ್ಟಿದ ಜೀವವನ್ನು ಕೊಲ್ಲುವುದಕ್ಕಿಂತ ಹುಟ್ಟುವುದಕ್ಕೆ ಎಡೆಗೊಡದಿರುವುದೇ ಶ್ರಾವಕನ ಮಾರ್ಗ. ರಾತ್ರಿ ಎಂಜಲು ಪಾತ್ರೆಗಳನ್ನು ಬಿಡದಿರುವುದು, ತೊಟ್ಟಿಯ ಸುತ್ತ ತೇವ ಉಳಿಯದಂತೆ ಒರೆಸುವುದು, ಹಸಿ ಕಸವನ್ನು ಒಣ ಕಸದಿಂದ ಬೇರ್ಪಡಿಸಿ ಅಂದಂದೇ ಹೊರಗೆ ಕೊಡುವುದು, ಬೇಳೆಗೆ ಹರಳೆಣ್ಣೆ ಸವರಿಡುವುದು, ಅಕ್ಕಿಯಲ್ಲಿ ಬೇವಿನ ಎಲೆಯನ್ನು ಹಾಕಿಡುವುದು, ಅಗ್ಗವೆಂದು ಮೂರು ತಿಂಗಳ ದಿನಸಿಯನ್ನು ಒಮ್ಮೆಗೇ ತಾರದಿರುವುದು ಇವೆಲ್ಲವೂ ಅಹಿಂಸಾವ್ರತದ ಅಂಗಗಳೇ. ಡೆಂಗಿ ಜ್ವರವನ್ನು ಹರಡುವ ಸೊಳ್ಳೆಯು ನಿಂತ ತಿಳಿನೀರಿನಲ್ಲಿ ಹುಟ್ಟುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಒಂದು ವಾರ ಬೇಕು. ಹೂಕುಂಡದ ತಟ್ಟೆಯಲ್ಲಿಯೂ ಬಕೆಟ್ಟಿನಲ್ಲಿಯೂ ನೀರು ನಿಲ್ಲದಂತೆ ನಿತ್ಯವೂ ನೋಡಿಕೊಂಡು, ಕಿಟಕಿಗಳಿಗೆ ಜಾಲರಿ ಹಾಕಿಸಿದರೆ ಕೊಲ್ಲುವ ಪ್ರಸಂಗವೇ ಬಹುಮಟ್ಟಿಗೆ ತಪ್ಪುತ್ತದೆ. ಮನೆಯವರ ಆರೋಗ್ಯವೂ ಉಳಿಯುತ್ತದೆ.

ವ್ರತದ ಭಾರ ಯಾರ ಮೇಲೆ?

ಇಷ್ಟು ವಿಧಿಗಳನ್ನು ಓದಿದ ವಾಚಕರಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಸೋಸುವುದು, ಕುದಿಸುವುದು, ಆರಿಸುವುದು, ಬೀಸುವುದು, ಒರೆಸುವುದು, ಹೊತ್ತಿಗೆ ಮುನ್ನ ಬಡಿಸುವುದು, ಇವೆಲ್ಲವನ್ನೂ ಮಾಡುವವರು ಯಾರು? ದೃಷ್ಟಾಂತಕ್ಕಾಗಿ ಬೆಂಗಳೂರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು.

ಮೂರನೆಯ ಮಹಡಿಯ ಪುಟ್ಟ ಮನೆ. ಅತ್ತೆ, ಮಗ, ಸೊಸೆ, ಇಬ್ಬರು ಮಕ್ಕಳು. ಅತ್ತೆಗೆ ಅಷ್ಟಮಿ-ಚತುರ್ದಶಿಗಳಲ್ಲಿ ಏಕಾಶನ. ಉಳಿದ ದಿನಗಳಲ್ಲಿಯೂ ಶೋಧದ ಆಹಾರ. ಮಗನಿಗೆ ರಾತ್ರಿಭೋಜನ ತ್ಯಾಗ. ಅವನು ಕೆಲಸವನ್ನು ಮನೆಯಿಂದಲೇ ಮಾಡುವುದರಿಂದ ಅವನಿಗದು ಸುಗಮ. ಸೊಸೆಯೂ ಕಚೇರಿಗೆ ಹೋಗುವವಳು. ಮದುವೆಗೆ ಮುಂಚೆಯೇ ರಾತ್ರಿಭೋಜನವನ್ನು ಬಿಟ್ಟವಳು. ಬೆಳಗಿನ ಐದು ಗಂಟೆಗೆ ಎದ್ದು ನೀರು ಸೋಸಿ, ಧಾನ್ಯ ಆರಿಸಿ, ಬೆಳಕು ಹರಿದೊಡನೆ ಒಲೆ ಹೊತ್ತಿಸಿ, ಅತ್ತೆಗೊಂದು ಬಗೆ, ಮಕ್ಕಳ ಡಬ್ಬಿಗೊಂದು ಬಗೆ, ಗಂಡನ ಮಧ್ಯಾಹ್ನಕ್ಕೂ ಸಂಜೆಗೂ ಒಂದು ಬಗೆ ಅಡಿಗೆ ಮಾಡಿಟ್ಟು ಹೊರಡುತ್ತಾಳೆ. ಸಂಜೆ ಏಳಕ್ಕೆ ಅವಳು ಮನೆ ಸೇರುವಾಗ ಎಲ್ಲರ ಊಟವೂ ಮುಗಿದಿರುತ್ತದೆ, ಸೂರ್ಯನೂ ಮುಳುಗಿರುತ್ತಾನೆ.

ಒಂದು ಅಷ್ಟಮಿಯ ರಾತ್ರಿ ಸೊಸೆಯು ಪಾತ್ರೆ ತೊಳೆಯುತ್ತ ಗೋಡೆಗೆ ಒರಗಿ ನಿಂತುದನ್ನು ಅತ್ತೆ ಕಂಡಳು. “ಯಾಕಮ್ಮಾ, ಮಧ್ಯಾಹ್ನದಿಂದ ಏನಾದರೂ ತಿಂದೆಯೋ ಇಲ್ಲವೋ?” ಎಂದು ಕೇಳಿದಳು.

“ಹೊತ್ತು ಮುಳುಗಿತ್ತಲ್ಲ ಅತ್ತೆ. ಅಭ್ಯಾಸವಾಗಿದೆ, ಬಿಡಿ” ಎಂದಳು ಸೊಸೆ.

“ಇವತ್ತು ಒಪ್ಪೊತ್ತು ನನ್ನದು ಅಂದುಕೊಂಡಿದ್ದೆ. ದಿನವೂ ನಿನ್ನದೇ ಆಗಿಹೋಯಿತಲ್ಲ!” ಎಂದು ಅತ್ತೆ ಅಲ್ಲಿಯೇ ಕುಳಿತುಬಿಟ್ಟಳು.

ಇಂತಹ ಮನೆಗಳು ಇಂದು ವಿರಳವಲ್ಲ. ಹೊರಗಿನಿಂದ ನೋಡುವವರಿಗೆ ಇದು ವ್ರತನಿಷ್ಠವಾದ ಮನೆ. ಶಾಸ್ತ್ರದ ಕಣ್ಣಿನಿಂದ ನೋಡಿದರೆ ವಿಚಾರ ಬೇರೆಯಾಗುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಅತಿಭಾರಾರೋಪಣವೆಂದರೆ ನ್ಯಾಯವಾದ ಪ್ರಮಾಣವನ್ನು ಮೀರಿ ಭಾರ ಹೊರಿಸುವುದು. ಅನ್ನಪಾನನಿರೋಧವೆಂದರೆ ಹಸಿವು ಬಾಯಾರಿಕೆಗಳ ಬಾಧೆಯಾಗುವಂತೆ ಆಹಾರ ನೀರುಗಳನ್ನು ತಡೆಯುವುದು. ಕನ್ನಡ ನಾಡಿನವರೇ ಆದ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವಾಗ ಗೋವು ಮೊದಲಾದ ಪ್ರಾಣಿಗಳನ್ನು ಹೇಳಿದ್ದಾರೆ. ಮೂಕಪಶುವಿನ ವಿಷಯದಲ್ಲಿ ಇಷ್ಟು ಸೂಕ್ಷ್ಮವಾದ ದಯೆಯನ್ನು ವಿಧಿಸಿದ ಧರ್ಮವು, ಒಂದೇ ಸೂರಿನ ಕೆಳಗಿರುವ ಸೊಸೆಯ ವಿಷಯದಲ್ಲಿಯೂ ಪಾತ್ರೆ ತೊಳೆಯಲು ಬರುವ ಕೆಲಸದಾಕೆಯ ವಿಷಯದಲ್ಲಿಯೂ ಅದನ್ನು ಸಡಿಲಿಸೀತೆ?

ಇನ್ನೊಂದು ಅಂಶವನ್ನೂ ಗಮನಿಸಬೇಕು. ಪುಣ್ಯಪಾಪಗಳ ಆಸ್ರವವು ಕೃತ, ಕಾರಿತ, ಅನುಮೋದಿತ ಎಂಬ ಮೂರು ದಾರಿಗಳಿಂದಲೂ ಆಗುತ್ತದೆ. ಅಡಿಗೆಯನ್ನು ತಾನು ಮಾಡದೆ ಇನ್ನೊಬ್ಬರಿಂದ ಮಾಡಿಸಿ ಉಣ್ಣುವವನು ಆರಂಭದಿಂದ ದೂರನಾದನೆಂದು ತಿಳಿಯುವುದು ಭ್ರಮೆ. ಆರಂಭತ್ಯಾಗವು ಎಂಟನೆಯ ಪ್ರತಿಮೆಯಲ್ಲಿ ಬರುವಂತಹುದು. ಸೋಫಾದ ಮೇಲೆ ಕುಳಿತು ಪತ್ರಿಕೆ ಓದುವುದರಿಂದ ಲಭಿಸುವಂತಹುದಲ್ಲ.

ಸೊಸೆಯ ರಾತ್ರಿಯ ಹಸಿವು ಉಪವಾಸವಲ್ಲವೆ ಎಂದು ಕೆಲವರು ಸಮಾಧಾನ ಹೇಳಬಹುದು. ಕಷಾಯ, ವಿಷಯ, ಆಹಾರ ಇವು ಮೂರನ್ನೂ ಇಚ್ಛಾಪೂರ್ವಕವಾಗಿ ತ್ಯಜಿಸಿದಾಗ ಉಪವಾಸ. ಉಳಿದುದು ಕೇವಲ ಲಂಘನವೆಂದು ಬಲ್ಲವರು ಹೇಳುತ್ತಾರೆ. ದಾರಿಯಿಲ್ಲದೆ ಬಂದ ಹಸಿವಿನಲ್ಲಿ ಕಷಾಯವು ಕಡಿಮೆಯಾಗುವುದಕ್ಕೆ ಬದಲಾಗಿ ಹೆಚ್ಚುವ ಸಂಭವವೇ ಅಧಿಕ. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಕಥೆಯನ್ನು ಶ್ರಾವಕರೆಲ್ಲರೂ ಬಲ್ಲರು. ಅಲ್ಲಿ ಬಲಿಯಾದುದು ಹಿಟ್ಟಿನ ಕೋಳಿ. ರಕ್ತದ ಒಂದು ಹನಿಯೂ ಚೆಲ್ಲಲಿಲ್ಲ. ಆದರೂ ಸಂಕಲ್ಪದ ದೋಷದಿಂದ ತಾಯಿಮಗ ಭವಭವಗಳಲ್ಲಿ ತೊಳಲಬೇಕಾಯಿತು. ಹೊರಗೆ ಹಿಂಸೆ ಕಾಣದ ಮಾತ್ರಕ್ಕೆ ಒಳಗೆ ಹಿಂಸೆಯಿಲ್ಲವೆಂದಲ್ಲ ಎಂಬ ಈ ಪಾಠವು ಶುದ್ಧವಾದ ಅಡಿಗೆಮನೆಗೂ ಅನ್ವಯಿಸುತ್ತದೆ. ಸೋಸಿದ ನೀರಿನಿಂದ ಮಾಡಿದ ಅಡಿಗೆಯನ್ನು ಬಿರುನುಡಿಯೊಡನೆ ಬಡಿಸಿದರೆ, ಅಥವಾ ಬಡಿಸಿದವಳು ಉಂಡಳೇ ಎಂದು ಕೇಳದೆ ಎದ್ದುಹೋದರೆ, ಶೋಧವು ಪೂರ್ಣವಾಯಿತೆನ್ನಲಾಗದು.

ಋತುವಿಗೆ ತಕ್ಕ ನಿಯಮ

ಹಾಗೆಂದು ವ್ರತವನ್ನೇ ಬಿಡುವುದು ಪರಿಹಾರವಲ್ಲ. ಶಾಸ್ತ್ರವೇ ಇದಕ್ಕೆ ದಾರಿಯನ್ನು ತೋರಿಸಿದೆ. ರತ್ನಕರಂಡಕದಲ್ಲಿ ಭೋಗೋಪಭೋಗ ಪರಿಮಾಣವನ್ನು ಹೇಳುವಾಗ ತ್ಯಾಗವು ಎರಡು ಬಗೆಯೆಂದಿದೆ. ಜೀವಾವಧಿಯದು ಯಮ, ಕಾಲಮಿತಿಯುಳ್ಳದ್ದು ನಿಯಮ. ಆ ಕಾಲಮಿತಿಯು ಇಂದು, ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ ಹೀಗೆ ಯಾವುದೂ ಆಗಬಹುದು. ಷೋಡಶಕಾರಣ ಭಾವನೆಗಳಲ್ಲಿಯೂ ತ್ಯಾಗ ತಪಸ್ಸುಗಳನ್ನು ಶಕ್ತಿಯನುಸಾರವಾಗಿ ಎಂದೇ ಹೇಳಲಾಗಿದೆ. ಶಕ್ತಿಯನ್ನು ಮರೆಮಾಚಲೂಬಾರದು, ಮೀರಲೂಬಾರದು.

ಕಚೇರಿಗೆ ಹೋಗುವ ನಗರವಾಸಿಯು ಈ ಋತುನಿಯಮವನ್ನು ಗಡಿಯಾರದೊಡನೆ ಹೊಂದಿಸಿಕೊಳ್ಳಬಹುದು. ಏಪ್ರಿಲಿನಿಂದ ಆಗಸ್ಟಿನವರೆಗೆ ಬೆಂಗಳೂರಿನಲ್ಲಿ ಸೂರ್ಯಾಸ್ತವು 6 ಗಂಟೆ 30 ನಿಮಿಷಕ್ಕೆ ಇಲ್ಲವೆ ಅದರ ನಂತರ. ಐದೂವರೆಗೆ ಕೆಲಸ ಮುಗಿದು ಮನೆ ಹತ್ತಿರವಿರುವವರಿಗೆ ಈ ತಿಂಗಳುಗಳಲ್ಲಿ ಹೊತ್ತಿಗೆ ಮುನ್ನ ಊಟವು ಅಸಾಧ್ಯವಲ್ಲ. ಹೊಸದಾಗಿ ವ್ರತ ಹಿಡಿಯುವವರು ಮೊದಲು ಈ ಐದು ತಿಂಗಳಿಗೆ ನಿಯಮವನ್ನು ಸ್ವೀಕರಿಸಿ, ಉಳಿದ ತಿಂಗಳುಗಳಲ್ಲಿ ಅಷ್ಟಮಿ, ಚತುರ್ದಶಿ, ದಶಲಕ್ಷಣ ಪರ್ವದ ದಿನಗಳು ಹಾಗೂ ರಜಾದಿನಗಳಿಗೆ ಸ್ವೀಕರಿಸಿ, ವರ್ಷದಿಂದ ವರ್ಷಕ್ಕೆ ಬೆಳೆಸುತ್ತ ಹೋಗಬಹುದು. ಬದುಕಿನುದ್ದಕ್ಕೂ ಎಂದು ಅವಸರದಲ್ಲಿ ಹಿಡಿದು ಆರು ತಿಂಗಳಲ್ಲಿ ಮುರಿಯುವುದಕ್ಕಿಂತ ಒಂದು ಋತುವಿಗೆಂದು ಹಿಡಿದು ಪೂರ್ತಿಗೊಳಿಸುವುದು ಶ್ರೇಯಸ್ಕರ.

ಈಗಾಗಲೇ ಪೂರ್ಣವ್ರತ ಹಿಡಿದವರಿಗೆ ಉಪಾಯವು ಸಂಜೆಯ ಡಬ್ಬಿ. ಅನ್ನ-ಸಾರುಗಳ ಮರ್ಯಾದೆ ಎರಡು ಪ್ರಹರ, ಎಂದರೆ 6 ಗಂಟೆ ಮಾತ್ರವಾದುದರಿಂದ ಬೆಳಗಿನ ಅನ್ನವು ಸಂಜೆಗೆ ಸಲ್ಲದು. ರೊಟ್ಟಿ-ಚಪಾತಿಗಳಿಗೆ 12 ಗಂಟೆಯ ಅವಧಿಯಿದೆ. ಅದರೊಡನೆ ಒಣಹಣ್ಣು, ಹುರಿಗಡಲೆಗಳನ್ನು ಕಟ್ಟಿಕೊಂಡು ಹೋಗಿ ಐದು ಗಂಟೆಗೆ ಕಚೇರಿಯಲ್ಲಿಯೇ ಉಂಡರೆ ವ್ರತವೂ ಉಳಿಯುತ್ತದೆ, ದೇಹವೂ ಉಳಿಯುತ್ತದೆ. ಆ ಡಬ್ಬಿಯನ್ನು ಕಟ್ಟಿಕೊಡುವ ಕೈ ಮಾತ್ರ ಬೇರೆಯವರದಾಗಲಿ.

ಮನೆಮಂದಿಗೆಲ್ಲ ಹಂಚಿದ ವ್ರತ

ಮೇಲಿನ ದೃಷ್ಟಾಂತದ ಮನೆಯಲ್ಲಿ ಅತ್ತೆಯು ಮರುದಿನವೇ ಎಲ್ಲರನ್ನೂ ಕೂಡಿಸಿ ವ್ರತದ ಕೆಲಸಗಳನ್ನು ಹಂಚಿದಳೆಂದು ಭಾವಿಸೋಣ. ನೀರು ಸೋಸಿ ಕುದಿಸುವುದು ಮಗನ ಪಾಲಾಯಿತು. ಧಾನ್ಯ ಆರಿಸುವುದು ಭಾನುವಾರದಂದು ಮಕ್ಕಳ ಪಾಲಾಯಿತು. ಹುಳು ಸಿಕ್ಕರೆ ಒಂದಿಷ್ಟು ಧಾನ್ಯದೊಡನೆ ನೆರಳಿನಲ್ಲಿ ಬಿಡುವುದನ್ನು ಅವರು ಕಲಿತರು. ಮೂರು ಬಗೆಯ ಅಡಿಗೆಯು ಒಂದೇ ಬಗೆಯಾಯಿತು. ಅತ್ತೆಗೆ ಸಲ್ಲುವುದು ಎಲ್ಲರಿಗೂ ಸಲ್ಲುತ್ತದೆಯಾದುದರಿಂದ ಶೋಧದ ಅಡಿಗೆಯೇ ಮನೆಯ ಅಡಿಗೆಯಾಯಿತು. ಒಂದು ಪಲ್ಯ ಕಡಿಮೆಯಾದುದರಿಂದ ರಸಪರಿತ್ಯಾಗವೂ ಸಿದ್ಧಿಸಿತು. ಸೊಸೆಯ ಸಂಜೆಯ ಡಬ್ಬಿಗೆ ರೊಟ್ಟಿ ತಟ್ಟುವುದನ್ನು ಅತ್ತೆಯೇ ವಹಿಸಿಕೊಂಡಳು. ಹೀಗೆ ಮಾಡಿದಾಗ ಯಾರ ವ್ರತವೂ ಕುಂದಲಿಲ್ಲ. ಸೊಸೆಯ ಐದು ಗಂಟೆಯ ಬೆಳಗು ಆರು ಗಂಟೆಯ ಬೆಳಗಾಯಿತು. ಉಳಿದ ಆ ಗಂಟೆಯಲ್ಲಿ ಅವಳಿಗೆ ಸಾಮಾಯಿಕಕ್ಕೆ ಕುಳಿತುಕೊಳ್ಳಲು ಬಿಡುವು ದೊರೆಯಿತು.

ನಮ್ಮ ನಾಡಿನ ಶ್ರಾವಿಕೆಯರು ನೋಂಪಿಗಳನ್ನು ಒಬ್ಬೊಬ್ಬರೇ ಆಚರಿಸಿದವರಲ್ಲ. ಬಸದಿಯಲ್ಲಿ ನೆರೆದು, ಕಥೆ ಕೇಳಿ, ಒಬ್ಬರ ಉಪವಾಸಕ್ಕೆ ಇನ್ನೊಬ್ಬರು ನೆರವಾಗಿ ನಡೆಸಿದರು. ನಗರದಲ್ಲಿ ನೆರೆಮನೆಯು ದೂರವಾಗಿರುವುದರಿಂದ, ಆ ಕೂಟದ ಕೆಲಸವನ್ನು ಈಗ ಮನೆಯೊಳಗಿನವರೇ ಮಾಡಬೇಕಾಗಿದೆ. ಮುಂದಿನ ಪರ್ವಕ್ಕೆ ಹೊಸ ನಿಯಮವನ್ನು ಸ್ವೀಕರಿಸುವ ಮೊದಲು ಪ್ರತಿಯೊಬ್ಬರೂ, “ಈ ನಿಯಮದಿಂದ ಮನೆಯಲ್ಲಿ ಯಾರ ಕೆಲಸ ಹೆಚ್ಚುತ್ತದೆ? ಅದರಲ್ಲಿ ನಾನು ಎಷ್ಟನ್ನು ಹೊರುತ್ತೇನೆ?” ಎಂದು ಕೇಳಿಕೊಳ್ಳಲಿ. ವ್ರತವು ಒಬ್ಬರ ಹೆಸರಿನಲ್ಲಿ ಇನ್ನೊಬ್ಬರ ಶ್ರಮವಾಗದಿರಲಿ. ನೀರಿನ ಹನಿಯಲ್ಲಿರುವ ಜೀವವನ್ನು ಕಾಣುವ ಕಣ್ಣು, ಒಲೆಯ ಮುಂದೆ ನಿಂತ ಜೀವವನ್ನೂ ಕಾಣಲಿ.

ಮನನಕ್ಕೆ ಪ್ರಶ್ನೆಗಳು

1. ಪಂಚಸೂನೆಗಳು ಯಾವುವು? ನಿಮ್ಮ ಮನೆಯಲ್ಲಿ ಅವು ಇಂದು ಯಾವ ರೂಪದಲ್ಲಿವೆ?

2. ನಲ್ಲಿಯ ನೀರಿನಲ್ಲಿ ಜಲಗಾಲನದ ಯಾವ ಅಂಗವು ನೆರವೇರುತ್ತದೆ, ಯಾವುದು ನೆರವೇರುವುದಿಲ್ಲ?

3. ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿ, ಅತಿಭಾರಾರೋಪಣಕ್ಕೆ ಗೃಹಕೃತ್ಯದಿಂದ ಒಂದು ಉದಾಹರಣೆ ಕೊಡಿರಿ.

4. ಯಮಕ್ಕೂ ನಿಯಮಕ್ಕೂ ಇರುವ ಅಂತರವೇನು? ನಿಮ್ಮ ಕೆಲಸದ ಹೊತ್ತಿಗೆ ಹೊಂದುವ ಒಂದು ಋತುನಿಯಮವನ್ನು ರೂಪಿಸಿರಿ.

5. ಈ ವಾರ ಮನೆಯಲ್ಲಿ ಕಟ್ಟಕಡೆಗೆ ಉಂಡವರು ಯಾರು?